ಎರಡು ಪಕ್ಷಗಳ ಹಟಕ್ಕೆ ಸರ್ಕಾರಿ ಕಚೇರಿಗಳು ಏಕೆ ಮುಚ್ಚುತ್ತವೆ?

ಪ್ರಶ್ನೆ: ನನ್ನ ತಮ್ಮ ಅಮೆರಿಕದಲ್ಲಿ ಅಲ್ಲಿನ ಸರ್ಕಾರಿ ಇಲಾಖೆಯೊಂದರ ಗುತ್ತಿಗೆ ಪಡೆದ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾನೆ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ‘ಶಟ್‌ಡೌನ್’ ಆದಾಗ ಅವನಿಗೆ ಕೆಲಸವೂ ಇರಲಿಲ್ಲ, ಸಂಬಳವೂ ಇರಲಿಲ್ಲ. ಎರಡೇ ಪಕ್ಷಗಳಿರುವ ದೇಶದಲ್ಲಿ ಇಬ್ಬರೂ ಹಟ ಹಿಡಿದರೆ ಹೀಗೇ ಆಗುತ್ತದೆ ಎನ್ನುತ್ತಾನೆ. ನಮ್ಮ ಕರಾವಳಿಯಲ್ಲೂ ಈಗ ಇರುವುದು ಎರಡೇ ಪಕ್ಷ. ನಮ್ಮಲ್ಲೂ ಇಂಥದ್ದು ಸಂಭವಿಸಬಹುದೇ? ಮೂರನೆಯ ಪಕ್ಷವೊಂದು ಬೆಳೆದರೆ ಈ ಕಗ್ಗಂಟು ಬಿಡಿಸಬಹುದೇ?
(ಓದುಗರು, ಕುಂದಾಪುರ)

ಉತ್ತರ: ಪಕ್ಷಗಳು ಎಷ್ಟಿವೆ ಎಂಬುದಕ್ಕಿಂತ, ಅವುಗಳ ನಡುವೆ ಒಪ್ಪಿಗೆ ಮೂಡದೆ ಹೋದ ದಿನ ಕಾನೂನಿನ ಪ್ರಕಾರ ಏನಾಗುತ್ತದೆ ಎಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ ಎಂದು ನನ್ನ ಅಭಿಪ್ರಾಯ. ರಾಜಕೀಯ ಪಕ್ಷಗಳು ಜಗಳವಾಡದ ಪ್ರಜಾಪ್ರಭುತ್ವ ಎಲ್ಲಿಯೂ ಇಲ್ಲ. ಆದರೆ ಒಂದು ದೇಶದಲ್ಲಿ ಜಗಳ ಮುಗಿಯದಿದ್ದರೆ ಸರ್ಕಾರ ಬೀಳುತ್ತದೆ, ಇನ್ನೊಂದರಲ್ಲಿ ಹಳೆಯ ಬಜೆಟ್ ಮುಂದುವರಿಯುತ್ತದೆ, ಮತ್ತೊಂದರಲ್ಲಿ ಕಚೇರಿಗಳಿಗೆ ಬೀಗ ಬೀಳುತ್ತದೆ. ಈ ವ್ಯತ್ಯಾಸವನ್ನು ಮತದಾರರ ಸ್ವಭಾವದಲ್ಲಿಯೋ ನಾಯಕರ ಗುಣದಲ್ಲಿಯೋ ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ; ಆಯಾ ದೇಶದ ಸಂವಿಧಾನ ಮತ್ತು ಸದನಗಳ ನಿಯಮಗಳಲ್ಲಿ ಹುಡುಕಬೇಕಾಗುತ್ತದೆ.

ಮೊದಲಿಗೆ ನಿಮ್ಮ ತಮ್ಮನವರು ಅನುಭವಿಸಿದ ಪ್ರಸಂಗವನ್ನೇ ತೆಗೆದುಕೊಳ್ಳೋಣ. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ ನಡೆದ ಆ ಶಟ್‌ಡೌನ್ 2018–19ರ 35 ದಿನಗಳ ಹಿಂದಿನ ದಾಖಲೆಯನ್ನು ಮೀರಿಸಿತು. ಅಧಿಕಾರ ಎರಡು ಪಕ್ಷಗಳಿಗೆ ಹಂಚಿಹೋಗಿದ್ದರಿಂದ ಹೀಗಾಯಿತು ಎಂದು ಹೇಳುವಂತಿಲ್ಲ. ಆಗ ಅಧ್ಯಕ್ಷ ಪದವಿ, 435 ಸದಸ್ಯರ ಪ್ರತಿನಿಧಿ ಸಭೆ, 100 ಸದಸ್ಯರ ಸೆನೆಟ್ ಈ ಮೂರೂ ರಿಪಬ್ಲಿಕನ್ ಪಕ್ಷದ ಕೈಯಲ್ಲೇ ಇದ್ದವು. ಸೆನೆಟ್‌ನಲ್ಲಿ ಅವರ ಬಲ 53. ನಮ್ಮ ಲೆಕ್ಕದಲ್ಲಿ ಅದು ಸ್ಪಷ್ಟ ಬಹುಮತವೇ ಸರಿ. ಆದರೆ ಸೆನೆಟ್‌ನಲ್ಲಿ ಚರ್ಚೆಯನ್ನು ಮುಗಿಸಿ ಮಸೂದೆಯನ್ನು ಮತಕ್ಕೆ ಹಾಕಬೇಕಾದರೆ 60 ಸದಸ್ಯರ ಒಪ್ಪಿಗೆ ಬೇಕು. ಫಿಲಿಬಸ್ಟರ್ ಎಂದು ಕರೆಯಲಾಗುವ ಈ ತಡೆಯುವ ಶಕ್ತಿ ಸಂವಿಧಾನದಲ್ಲಿ ಬರೆದದ್ದಲ್ಲ, ಸೆನೆಟ್ ತಾನೇ ಮಾಡಿಕೊಂಡ ನಿಯಮಗಳಿಂದ ಬಂದದ್ದು. ಚರ್ಚೆ ಮುಗಿಸಲು ಮೂರನೇ ಎರಡರಷ್ಟು ಮತ ಬೇಕೆಂದು 1917ರಲ್ಲಿ ನಿಯಮವಾಯಿತು; 1975ರಲ್ಲಿ ಅದನ್ನು ಐದನೇ ಮೂರಕ್ಕೆ ಇಳಿಸಿದರು. ಆರೋಗ್ಯ ವಿಮೆಯ ಸಹಾಯಧನವನ್ನು ಮುಂದುವರಿಸಬೇಕೆಂಬ ಬೇಡಿಕೆಗೆ ಡೆಮಾಕ್ರಟಿಕ್ ಸದಸ್ಯರು ಅಂಟಿಕೊಂಡು ಕುಳಿತರು, ರಿಪಬ್ಲಿಕನ್ನರು ಮೊದಲು ಕಚೇರಿ ತೆರೆಯಲಿ ಎಂದರು, ಮಸೂದೆ ಮತ್ತೆ ಮತ್ತೆ 60ರ ಗೆರೆಯ ಕೆಳಗೇ ಬಿದ್ದಿತು. ಕೊನೆಗೆ ಡೆಮಾಕ್ರಟಿಕ್ ಬಣದ ಎಂಟು ಮಂದಿ ತಮ್ಮ ನಾಯಕತ್ವದ ನಿಲುವನ್ನು ಬಿಟ್ಟು ಇತ್ತ ಮತ ಹಾಕಿದ್ದರಿಂದ 60–40ರಲ್ಲಿ ದಾರಿ ತೆರೆಯಿತು. ಈ ಎಂಟು ಮಂದಿಯ ವಿಷಯವನ್ನು ನೆನಪಿಟ್ಟುಕೊಳ್ಳಿ. ನಮ್ಮ ದೇಶದ ಸಂದರ್ಭಕ್ಕೆ ಬಂದಾಗ ಅದು ಬೇಕಾಗುತ್ತದೆ.

ಬಜೆಟ್ ಅಂಗೀಕಾರ ತಡವಾಗುವುದಕ್ಕೂ ಕಚೇರಿ ಮುಚ್ಚುವುದಕ್ಕೂ ನೇರ ಸಂಬಂಧವಿದೆ ಎಂದು ಅಮೆರಿಕದವರು ಕೂಡ ಬಹುಕಾಲ ಭಾವಿಸಿರಲಿಲ್ಲ. ಶಾಸಕಾಂಗ ಮಂಜೂರು ಮಾಡದ ಹಣವನ್ನು ಖಜಾನೆಯಿಂದ ತೆಗೆಯಬಾರದು ಎಂದು ಅಲ್ಲಿನ ಸಂವಿಧಾನ ಹೇಳುತ್ತದೆ. ಮಂಜೂರಾತಿಯನ್ನು ಮೀರಿ ಖರ್ಚು ಮಾಡುವ ಅಧಿಕಾರಿಗಳನ್ನು ತಡೆಯುವ ಕಾಯ್ದೆಯೂ 19ನೆಯ ಶತಮಾನದಿಂದಲೇ ಇದೆ. ಆದರೂ 1980ರ ತನಕ ಮಂಜೂರಾತಿಯಲ್ಲಿ ಕೆಲ ದಿನಗಳ ಅಂತರ ಬಿದ್ದಾಗ ಇಲಾಖೆಗಳು ಹೇಗೋ ಕೈಬಿಗಿ ಹಿಡಿದು ಕೆಲಸ ಮುಂದುವರಿಸುತ್ತಿದ್ದವು. ಆ ವರ್ಷ ಮತ್ತು 1981ರ ಆರಂಭದಲ್ಲಿ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಈ ಕಾಯ್ದೆಯನ್ನು ಅಕ್ಷರಶಃ ಪಾಲಿಸಬೇಕೆಂದೂ ಜೀವ ಮತ್ತು ಆಸ್ತಿಯ ರಕ್ಷಣೆಯಂಥ ಕೆಲಸಗಳನ್ನು ಬಿಟ್ಟು ಉಳಿದುದನ್ನು ನಿಲ್ಲಿಸಬೇಕೆಂದೂ ಅಭಿಪ್ರಾಯ ಕೊಟ್ಟರು. ಒಬ್ಬ ಕಾನೂನು ಅಧಿಕಾರಿಯ ಈ ಅರ್ಥವಿವರಣೆಯಿಂದ ಬಜೆಟ್ ಚರ್ಚೆ ಎಂಬುದು ಒತ್ತೆಯಾಟವಾಗಿ ಬದಲಾಯಿತು: 1995–96ರಲ್ಲಿ ಅಧ್ಯಕ್ಷ ಕ್ಲಿಂಟನ್ ಮತ್ತು ಪ್ರತಿನಿಧಿ ಸಭೆಯ ಸ್ಪೀಕರ್ ಗಿಂಗ್ರಿಚ್ ನಡುವೆ, 2013ರಲ್ಲಿ ಒಬಾಮಾ ಅವರ ಆರೋಗ್ಯ ಕಾಯ್ದೆಯ ಮೇಲೆ, 2018ರ ಕೊನೆಯಲ್ಲಿ ಟ್ರಂಪ್ ಅವರ ಗಡಿಗೋಡೆಯ ಮೇಲೆ. ಪ್ರತಿ ಸಲವೂ ವಾದದಿಂದ ಯಾರೂ ಮನಸ್ಸು ಬದಲಿಸಲಿಲ್ಲ; ಸಂಬಳವಿಲ್ಲದೆ ದುಡಿಯುತ್ತಿದ್ದ ವಿಮಾನ ಸಂಚಾರ ನಿಯಂತ್ರಕರ ಕೊರತೆಯಿಂದ ವಿಮಾನಗಳು ತಡವಾಗಿ ಸಾಮಾನ್ಯ ಪ್ರಯಾಣಿಕರಿಗೆ ಬಿಸಿ ತಟ್ಟಿದಾಗಲೇ 2019ರಲ್ಲಿ ಮಾತುಕತೆಗೆ ವೇಗ ಬಂತು. ಅದೇ 2019ರಲ್ಲಿ ಬಂದ ಕಾಯ್ದೆಯ ಪ್ರಕಾರ ಶಟ್‌ಡೌನ್ ಕಾಲದ ಬಾಕಿ ಸಂಬಳ ಕೇಂದ್ರ ಸರ್ಕಾರದ ನೌಕರರಿಗೆ ನಂತರ ಸಿಗುತ್ತದೆ. ಗುತ್ತಿಗೆ ಸಂಸ್ಥೆಗಳ ಉದ್ಯೋಗಿಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆದ್ದರಿಂದ ನಿಮ್ಮ ತಮ್ಮನವರು ಸರ್ಕಾರದಿಂದ ಏನನ್ನೂ ನಿರೀಕ್ಷಿಸುವಂತಿಲ್ಲ. ಅವರ ಸಂಸ್ಥೆಯ ಒಪ್ಪಂದದಲ್ಲಿ ಏನಿದೆ ಎಂದು ನೋಡಬೇಕಷ್ಟೆ.

ನಮ್ಮ ತುಳುನಾಡಿನ ಹಿರಿಯರಿಗೆ ಅಳಿಯಸಂತಾನ ಕುಟುಂಬಗಳ ಕಟ್ಟುಪಾಡು ಗೊತ್ತಿರುತ್ತದೆ. 1949ರ ಮದ್ರಾಸ್ ಕಾಯ್ದೆ ಕವರುಗಳಿಗೆ (ತಾಯಿಯ ಕಡೆಯಿಂದ ಬಂದ ಕುಟುಂಬದ ಕವಲುಗಳಿಗೆ) ಪಾಲು ಕೇಳುವ ಹಕ್ಕನ್ನು ಕೊಡುವ ತನಕ, ಎಲ್ಲರೂ ಒಪ್ಪದೆ ಕುಟುಂಬದ ಆಸ್ತಿಯನ್ನು ಪಾಲು ಮಾಡುವಂತಿರಲಿಲ್ಲ. ಒಬ್ಬರು ಒಪ್ಪದಿದ್ದರೂ ಪಾಲು ನಿಂತೇಹೋಗುತ್ತಿತ್ತು, ಮನಸ್ತಾಪ ತಲೆಮಾರುಗಳವರೆಗೆ ಬೆಳೆಯುತ್ತಿತ್ತು. ಆದರೆ ಯಜಮಾನಿಕೆ ನಡೆಯುತ್ತಿತ್ತು, ಗದ್ದೆಯ ಕೆಲಸ ಸಾಗುತ್ತಿತ್ತು, ಒಲೆ ಆರುತ್ತಿರಲಿಲ್ಲ. ಬೆಲ್ಜಿಯಂ ದೇಶದ ಕಗ್ಗಂಟು ಇದೇ ಬಗೆಯದು. ಅಲ್ಲಿ 2010ರ ಜೂನ್ 13ರ ಚುನಾವಣೆಯ ನಂತರ ಹೊಸ ಸರ್ಕಾರ ರಚನೆಯಾಗಲು 541 ದಿನ ಹಿಡಿಯಿತು. ಎರಡಲ್ಲ, ಹತ್ತಕ್ಕೂ ಹೆಚ್ಚು ಪಕ್ಷಗಳು ಸಂಸತ್ತಿನಲ್ಲಿದ್ದವು. ಆದರೂ ಒಂದು ಕಚೇರಿಯೂ ಮುಚ್ಚಲಿಲ್ಲ, ಏಕೆಂದರೆ ಹೊಸ ಬಜೆಟ್ ಇಲ್ಲದಿದ್ದಾಗ ಹಿಂದಿನ ಬಜೆಟ್ಟಿನ ಹನ್ನೆರಡನೇ ಒಂದು ಭಾಗದ ಲೆಕ್ಕದಲ್ಲಿ ಪ್ರತಿ ತಿಂಗಳ ಖರ್ಚಿಗೆ ಅಲ್ಲಿ ಅವಕಾಶವಿದೆ. ಸ್ಪೇನ್ ಇನ್ನೂ ಸರಳ. ಹೊಸ ಬಜೆಟ್ ವರ್ಷಾರಂಭದೊಳಗೆ ಅಂಗೀಕಾರವಾಗದಿದ್ದರೆ ಹಳೆಯದು ತಾನಾಗಿಯೇ ಮುಂದುವರಿಯುತ್ತದೆ ಎಂದು ಅಲ್ಲಿನ ಸಂವಿಧಾನದ 134ನೆಯ ವಿಧಿ ಹೇಳುತ್ತದೆ, ಮತ್ತು 2023ರ ಬಜೆಟ್ಟಿನ ಮೇಲೆಯೇ ಆ ದೇಶ 2024 ಮತ್ತು 2025ನ್ನು ಕಳೆಯಿತು. ಹಾಗಾಗಿ ಬಹುಪಕ್ಷ ವ್ಯವಸ್ಥೆಯಲ್ಲಿ ಕಗ್ಗಂಟು ಕಡಿಮೆ ಎಂಬುದಕ್ಕೆ ಆಧಾರವಿಲ್ಲ.

ಹಾಗಿದ್ದರೆ ಎರಡು ಪಕ್ಷಗಳ ಪಾತ್ರವೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಆದರೆ ಸಂಖ್ಯೆಗಿಂತ ಶಿಸ್ತಿನ ರೂಪದಲ್ಲಿ ಇದೆ. ಅಮೆರಿಕದ ಸಂವಿಧಾನವನ್ನು 1787ರಲ್ಲಿ ಬರೆದವರು ಪಕ್ಷಗಳನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ. ಪ್ರತಿನಿಧಿ ಸಭೆಗೆ ಎರಡು ವರ್ಷ, ಅಧ್ಯಕ್ಷರಿಗೆ ನಾಲ್ಕು, ಸೆನೆಟರ್‌ಗಳಿಗೆ ಆರು ವರ್ಷ ಎಂದು ಬೇರೆ ಬೇರೆ ಅವಧಿ ಕೊಟ್ಟು, ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿಯುವಂತೆ ಅವರು ಏರ್ಪಾಡು ಮಾಡಿದರು. ಪಕ್ಷಗಳು ಸಡಿಲವಾಗಿದ್ದ ಕಾಲದಲ್ಲಿ ಇದು ನಡೆಯಿತು. 1964ರ ನಾಗರಿಕ ಹಕ್ಕುಗಳ ಕಾಯ್ದೆಯನ್ನು ತಡೆಯಲು ಹೊರಟವರು ಅಧ್ಯಕ್ಷ ಜಾನ್ಸನ್ ಅವರ ಸ್ವಂತ ಪಕ್ಷದ ದಕ್ಷಿಣ ರಾಜ್ಯಗಳ ಡೆಮಾಕ್ರಟರೇ. ಆ ತಡೆಯನ್ನು ಮುರಿದ 71 ಮತಗಳಲ್ಲಿ 27 ಎದುರು ಪಕ್ಷದ ರಿಪಬ್ಲಿಕನ್ನರವು. ಪಕ್ಷ ಬಿಟ್ಟು ಮತ ಹಾಕುವುದು ಅಲ್ಲಿ ದ್ರೋಹವೆನಿಸಿರಲಿಲ್ಲ, ಶಾಸನ ಮಾಡುವ ಸಾಮಾನ್ಯ ವಿಧಾನವಾಗಿತ್ತು. ಎರಡನೆಯ ಮಹಾಯುದ್ಧದ ನಂತರದ ನಾಲ್ಕು ದಶಕಗಳ ಮುಖ್ಯ ಶಾಸನಗಳನ್ನು ಲೆಕ್ಕ ಹಾಕಿದ ಯೇಲ್ ವಿಶ್ವವಿದ್ಯಾಲಯದ ಡೇವಿಡ್ ಮೇಹ್ಯೂ, ಅಧಿಕಾರ ಎರಡು ಪಕ್ಷಗಳಲ್ಲಿ ಹಂಚಿಹೋಗಿದ್ದಾಗಲೂ ಒಂದೇ ಪಕ್ಷದ ಕೈಯಲ್ಲಿದ್ದಾಗಲೂ ಹೆಚ್ಚುಕಡಿಮೆ ಅಷ್ಟೇ ಕಾಯ್ದೆಗಳು ಬಂದವು ಎಂದು ತೋರಿಸಿದರು. ತಮಾಷೆಯೆಂದರೆ 1950ರಲ್ಲಿ ಅಲ್ಲಿನ ರಾಜ್ಯಶಾಸ್ತ್ರಜ್ಞರ ಸಂಘದ ಸಮಿತಿಯೊಂದು ತಮ್ಮ ದೇಶದ ಎರಡು ಪಕ್ಷಗಳಿಗೂ ಸಾಕಷ್ಟು ಶಿಸ್ತಿಲ್ಲ, ಮತದಾರನ ಮುಂದೆ ಸ್ಪಷ್ಟ ಆಯ್ಕೆಯಿಲ್ಲ ಎಂದು ದೂರಿತ್ತು. ಕೇಳಿದ್ದೆಲ್ಲ ಸಿಕ್ಕಿತು. ದಕ್ಷಿಣದ ಸಂಪ್ರದಾಯವಾದಿಗಳು ರಿಪಬ್ಲಿಕನ್ ಪಕ್ಷಕ್ಕೂ ಈಶಾನ್ಯದ ಉದಾರವಾದಿಗಳು ಡೆಮಾಕ್ರಟಿಕ್ ಪಕ್ಷಕ್ಕೂ ಸರಿದು, ನಡುವಿನ ಜಾಗ ಖಾಲಿಯಾಗಿ, ಸಡಿಲ ಪಕ್ಷಗಳಿಗೆಂದು ಹೊಂದಿಕೊಂಡಿದ್ದ ಯಂತ್ರಕ್ಕೆ ಬಿಗಿಯಾದ ಪಕ್ಷಗಳು ಬಂದು ಸೇರಿದವು. ಇಂದಿನ ಕಗ್ಗಂಟಿನ ಮೂಲ ಇಲ್ಲಿದೆ.

ಈಗ ನಮ್ಮ ಕಡೆಗೆ ಬರೋಣ. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುತ್ತಾ ಡಾ. ಬಿ.ಆರ್. ಅಂಬೇಡ್ಕರ್, ಕಾರ್ಯಾಂಗಕ್ಕೆ ಸ್ಥಿರತೆಯೂ ಬೇಕು ಹೊಣೆಗಾರಿಕೆಯೂ ಬೇಕು, ಎರಡನ್ನೂ ಸಮನಾಗಿ ಕೊಡುವ ವ್ಯವಸ್ಥೆ ಈವರೆಗೆ ಸಿಕ್ಕಿಲ್ಲ, ಅಮೆರಿಕದ ಪದ್ಧತಿ ಸ್ಥಿರತೆಯನ್ನು ಹೆಚ್ಚು ಕೊಡುತ್ತದೆ, ನಾವು ಹೊಣೆಗಾರಿಕೆಯನ್ನು ಆರಿಸಿಕೊಂಡಿದ್ದೇವೆ ಎಂಬ ಅರ್ಥದ ಮಾತುಗಳನ್ನು ಹೇಳಿದರು. ಇದರ ವ್ಯಾವಹಾರಿಕ ಫಲವೆಂದರೆ ಸದನದಲ್ಲಿ ಬಜೆಟ್ ಸೋತ ಸರ್ಕಾರ ಒಂದು ದಿನವೂ ಉಳಿಯಲಾರದು. ಜೊತೆಗೆ ವರ್ಷದ ಪೂರ್ಣ ಬಜೆಟ್ ತಡವಾದರೆ ಕೆಲವು ತಿಂಗಳ ಖರ್ಚಿಗೆ ಲೇಖಾನುದಾನ ಪಡೆಯುವ ಅವಕಾಶವನ್ನು ಕೇಂದ್ರಕ್ಕೆ 116ನೆಯ ವಿಧಿ, ರಾಜ್ಯಕ್ಕೆ 206ನೆಯ ವಿಧಿ ಕೊಟ್ಟಿವೆ. 2019ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಇದನ್ನು ಕಣ್ಣಾರೆ ಕಂಡೆವು. ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರ 99–105ರಲ್ಲಿ ವಿಶ್ವಾಸಮತ ಸೋತಿತು. ಬಜೆಟ್ಟಿಗೆ ಪೂರ್ಣ ಅಂಗೀಕಾರ ಆಗಿರಲಿಲ್ಲ. ಜುಲೈ 29ರಂದು ಬಿ.ಎಸ್. ಯಡಿಯೂರಪ್ಪನವರು ಬಹುಮತ ಸಾಬೀತುಪಡಿಸಿ, ತಮ್ಮ ಎದುರಾಳಿಗಳು ಸಿದ್ಧಪಡಿಸಿದ್ದ ಧನವಿನಿಯೋಗ ಮಸೂದೆಗೆ (ಖಜಾನೆಯಿಂದ ಹಣ ತೆಗೆಯಲು ಅನುಮತಿ ಕೊಡುವ ಮಸೂದೆ) ಅದೇ ದಿನ ಸದನದ ಒಪ್ಪಿಗೆ ಪಡೆದರು. ಅಷ್ಟು ಕಹಿಯಾದ ರಾಜಕೀಯದ ನಡುವೆಯೂ ಹಣದ ವಿಷಯದಲ್ಲಿ ಎರಡು ಕಡೆಯವರಿಗೂ ಬೇರೆ ದಾರಿ ಇರಲಿಲ್ಲ.

ಶುದ್ಧ ದ್ವಿಪಕ್ಷ ರಾಜ್ಯದ ಉದಾಹರಣೆ ಬೇಕೆಂದರೆ ಹಿಮಾಚಲ ಪ್ರದೇಶವನ್ನು ನೋಡಬೇಕು. ಕಾಂಗ್ರೆಸ್ ಮತ್ತು ಬಿಜೆಪಿ ಅಲ್ಲಿ ದಶಕಗಳಿಂದ ಸರದಿಯಂತೆ ಆಳುತ್ತಿವೆ. 2022ರ ಚುನಾವಣೆಯಲ್ಲಿ 68 ಸ್ಥಾನಗಳ ಪೈಕಿ ಕಾಂಗ್ರೆಸ್ 40 ಗೆದ್ದಿತ್ತು. 2024ರ ಫೆಬ್ರವರಿ 27ರಂದು ರಾಜ್ಯಸಭೆಯ ಒಂದು ಸ್ಥಾನಕ್ಕೆ ನಡೆದ ಮತದಾನದಲ್ಲಿ ಕಾಂಗ್ರೆಸ್ಸಿನ ಆರು ಶಾಸಕರು ಅಡ್ಡಮತ ಹಾಕಿ, 34–34 ಸಮವಾಗಿ, ಚೀಟಿ ಎತ್ತಿ ಬಿಜೆಪಿ ಗೆದ್ದಿತು. ಮರುದಿನವೇ ಬಜೆಟ್ ಅಂಗೀಕಾರವಾಗಬೇಕಿತ್ತು. ಅದು ಬಿದ್ದಿದ್ದರೆ ಸರ್ಕಾರವೂ ಬೀಳುತ್ತಿತ್ತು. ಸ್ಪೀಕರ್ ಬಿಜೆಪಿಯ 15 ಶಾಸಕರನ್ನು ಅಮಾನತುಗೊಳಿಸಿದರು, ಬಜೆಟ್ ಧ್ವನಿಮತದಿಂದ ಪಾಸಾಯಿತು, ವಿಪ್ (ಹೀಗೆಯೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಇದ್ದರೂ ಬಜೆಟ್ ಮತದಾನಕ್ಕೆ ಬಾರದ ಆ ಆರು ಮಂದಿ ಮರುದಿನ ಅನರ್ಹರಾದರು. ಕಗ್ಗಂಟು ಒಂದೇ ದಿನದಲ್ಲಿ ಬಿಚ್ಚಿತು ಎನ್ನುವುದಕ್ಕಿಂತ ಕತ್ತರಿಸಿ ಹೋಯಿತು ಎನ್ನುವುದು ಸರಿ. ಸ್ಪೀಕರ್ ಪೀಠಕ್ಕಿರುವ ಅಮಾನತಿನ ಅಧಿಕಾರ ಎಷ್ಟು ದೊಡ್ಡದು ಎಂಬುದನ್ನು 2025ರ ಮಾರ್ಚ್‌ನಲ್ಲಿ 18 ಬಿಜೆಪಿ ಶಾಸಕರು ಅಮಾನತಾದಾಗ ನಮ್ಮ ವಿಧಾನಸಭೆಯಲ್ಲೂ ನೋಡಿದ್ದೇವೆ. ಉತ್ತರಾಖಂಡ ಇನ್ನೊಂದು ದ್ವಿಪಕ್ಷ ರಾಜ್ಯ. 2016ರಲ್ಲಿ ಧನವಿನಿಯೋಗ ಮಸೂದೆಯ ಮೇಲೆಯೇ ಒಂಬತ್ತು ಕಾಂಗ್ರೆಸ್ ಶಾಸಕರು ಬಂಡೆದ್ದು ರಾಷ್ಟ್ರಪತಿ ಆಳ್ವಿಕೆ ಬಂತು. ಏಪ್ರಿಲ್ 1ರಿಂದ ಖರ್ಚಿಗೆ ಹಣ ಬೇಕಲ್ಲ. ಕೇಂದ್ರ ಸುಗ್ರೀವಾಜ್ಞೆ ಹೊರಡಿಸಿ ಆ ರಾಜ್ಯಕ್ಕೆ ಲೇಖಾನುದಾನ ಕೊಟ್ಟಿತು.

ಈ ಪ್ರಸಂಗಗಳಿಂದ ನಮ್ಮದು ಉತ್ತಮ ವ್ಯವಸ್ಥೆ ಎಂದು ಬೀಗುವಂತಿಲ್ಲ. 1985ರ 52ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ, ಪಕ್ಷದ ವಿಪ್ ಮೀರಿ ಮತ ಹಾಕಿದವರನ್ನು ಪಕ್ಷ 15 ದಿನಗಳಲ್ಲಿ ಮನ್ನಿಸದಿದ್ದರೆ ಅವರು ಸದಸ್ಯತ್ವ ಕಳೆದುಕೊಳ್ಳಬಹುದು. ಅಮೆರಿಕದ ಶಟ್‌ಡೌನ್ ಮುಗಿಸಿದ ಆ ಎಂಟು ಸೆನೆಟರ್‌ಗಳಂಥವರು ನಮ್ಮಲ್ಲಿ ಇದ್ದಿದ್ದರೆ ಅನರ್ಹತೆಯ ನೋಟಿಸಿಗೆ ಉತ್ತರ ಬರೆಯುತ್ತಿದ್ದರು. ಅಧ್ಯಕ್ಷೀಯ ಪದ್ಧತಿ ಬಂದರೆ ಭಾರತದಲ್ಲಿ ಆಡಳಿತ ಚುರುಕಾಗುತ್ತದೆ ಎಂದು ಆಗಾಗ ಕೇಳಿಬರುವ ವಾದಕ್ಕೆ ಇದು ನನ್ನ ಮುಖ್ಯ ಆಕ್ಷೇಪ. ಅಮೆರಿಕದ ಬೀಗಗಳನ್ನು ತಂದು ನಮ್ಮ ವಿಪ್ ಶಿಸ್ತಿನ ಜೊತೆ ಜೋಡಿಸಿದರೆ, ಅಲ್ಲಿ 43 ದಿನಕ್ಕೆ ಬಿಡುಗಡೆಯಾದ ಕಗ್ಗಂಟು ಇಲ್ಲಿ ಮುಂದಿನ ಚುನಾವಣೆಯ ತನಕ ಬಿಡುಗಡೆಯಾಗಲಾರದು.

ಮೂರನೆಯ ಪಕ್ಷದ ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸಬಹುದು. ಒಂದು ಕ್ಷೇತ್ರಕ್ಕೆ ಒಬ್ಬನೇ ಸದಸ್ಯ, ಹೆಚ್ಚು ಮತ ಪಡೆದವನಿಗೆ ಗೆಲುವು ಎಂಬ ಪದ್ಧತಿ ಇರುವಲ್ಲಿ ಸ್ಪರ್ಧೆ ಎರಡು ಪಕ್ಷಗಳ ಕಡೆಗೆ ಸರಿಯುತ್ತದೆ ಎಂದು ಫ್ರಾನ್ಸಿನ ಮೋರಿಸ್ ದುವೆರ್ಜೆ ಹಿಂದೆಯೇ ಗುರುತಿಸಿದ್ದರು. 1992ರಲ್ಲಿ ರಾಸ್ ಪೆರೋ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಸುಮಾರು ಶೇ. 19ರಷ್ಟು ಮತ ಪಡೆದರೂ ಅಧ್ಯಕ್ಷರನ್ನು ಆರಿಸುವ ರಾಜ್ಯವಾರು ಎಲೆಕ್ಟೋರಲ್ ಮತ ಒಂದೂ ಅವರಿಗೆ ಸಿಗಲಿಲ್ಲ. ನಮ್ಮ ರಾಜ್ಯದಲ್ಲಿ ಮೂರು ಪಕ್ಷಗಳಿದ್ದರೂ ಬಹುತೇಕ ಕ್ಷೇತ್ರಗಳಲ್ಲಿ ಸ್ಪರ್ಧೆ ಇಬ್ಬರ ನಡುವೆಯೇ. ಹಳೆ ಮೈಸೂರಿನಲ್ಲಿ ಬಲವಾಗಿರುವ ಜೆಡಿಎಸ್ ನಮ್ಮ ಎರಡು ಜಿಲ್ಲೆಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ದಕ್ಷಿಣ ಕನ್ನಡದ 8 ಸ್ಥಾನಗಳಲ್ಲಿ 2013ರಲ್ಲಿ ಕಾಂಗ್ರೆಸ್ 7, 2018ರಲ್ಲಿ ಬಿಜೆಪಿ 7, 2023ರಲ್ಲಿ ಬಿಜೆಪಿ 6 ಗೆದ್ದವು. ಉಡುಪಿಯ 5 ಸ್ಥಾನಗಳು ಕಳೆದ ಎರಡು ಚುನಾವಣೆಗಳಲ್ಲಿ ಪೂರ್ತಿಯಾಗಿ ಬಿಜೆಪಿಗೆ ಹೋದವು. ನಿಮ್ಮ ಕುಂದಾಪುರದಲ್ಲಿ 2013ರಲ್ಲಿ ಹಾಲಾಡಿ ಶ್ರೀನಿವಾಸ ಶೆಟ್ಟಿಯವರು ಪಕ್ಷೇತರರಾಗಿ ಗೆದ್ದದ್ದು ನಿಜ, ಆದರೆ 2018ರ ಹೊತ್ತಿಗೆ ಅವರೂ ಬಿಜೆಪಿಗೇ ಮರಳಿದರು. ಮೂರನೆಯವರು ಬಂದರೆ ಚೌಕಾಸಿ ಹೆಚ್ಚುತ್ತದೆ. 2018ರಲ್ಲಿ ಬಿಜೆಪಿ 104, ಕಾಂಗ್ರೆಸ್ 80, ಜೆಡಿಎಸ್ 37 ಎಂಬ ಫಲಿತಾಂಶ ಬಂದ ಮೇಲೆ ನಡೆದ ಹದಿನಾಲ್ಕು ತಿಂಗಳ ಕತೆಯನ್ನು ಯಾರೂ ಕಗ್ಗಂಟಿನಿಂದ ಬಿಡುಗಡೆ ಎಂದು ಕರೆಯಲಾರರು.

ನಮ್ಮಲ್ಲಿ ಹಣದ ಕಗ್ಗಂಟು ಇಲ್ಲ ಎಂದಮಾತ್ರಕ್ಕೆ ಶಾಸನದ ಕಗ್ಗಂಟು ಇಲ್ಲವೆಂದಲ್ಲ. ಕರಾವಳಿಯವರಿಗೆ ಹತ್ತಿರದ ಉದಾಹರಣೆ ಮುಜರಾಯಿ ಮಸೂದೆಯದು. ಕುಕ್ಕೆ, ಕೊಲ್ಲೂರು, ಕಟೀಲಿನಂತಹ ದೊಡ್ಡ ಆದಾಯದ ದೇವಸ್ಥಾನಗಳಿಗೆ ಸಂಬಂಧಿಸಿದ ತಿದ್ದುಪಡಿಯನ್ನು 2024ರ ಫೆಬ್ರವರಿಯಲ್ಲಿ ವಿಧಾನಸಭೆ ಅಂಗೀಕರಿಸಿತು. ವರ್ಷಕ್ಕೆ ಒಂದು ಕೋಟಿ ರೂಪಾಯಿ ಮೀರಿದ ಆದಾಯವಿರುವ ದೇವಸ್ಥಾನಗಳಿಂದ ಶೇ. 10ರಷ್ಟನ್ನು ಸಾಮಾನ್ಯ ನಿಧಿಗೆ ಪಡೆಯುವುದು ಅದರ ಒಂದು ಅಂಶ. 75 ಸದಸ್ಯರ ವಿಧಾನ ಪರಿಷತ್ತಿನಲ್ಲಿ ಆಗ ಕಾಂಗ್ರೆಸ್ಸಿಗೆ ಬಹುಮತವಿರಲಿಲ್ಲವಾದ್ದರಿಂದ ಫೆಬ್ರವರಿ 23ರಂದು ಅಲ್ಲಿ ಮಸೂದೆ ಬಿದ್ದಿತು. ವಿಧಾನಸಭೆ ಕೆಲವೇ ದಿನಗಳಲ್ಲಿ ಅದನ್ನು ಮತ್ತೆ ಅಂಗೀಕರಿಸಿತು. 197ನೆಯ ವಿಧಿಯ ಪ್ರಕಾರ ಪರಿಷತ್ತು ಮೊದಲ ಸಲ ಮೂರು ತಿಂಗಳು, ಎರಡನೆಯ ಸಲ ಒಂದು ತಿಂಗಳು ತಡೆಯಬಹುದೇ ಹೊರತು ಶಾಶ್ವತವಾಗಿ ಕೊಲ್ಲಲಾಗದು. ಧನ ಮಸೂದೆಯಾದರೆ ಪರಿಷತ್ತಿನ ಕೈಯಲ್ಲಿರುವುದು ಕೇವಲ 14 ದಿನ. ಆಸ್ಟ್ರೇಲಿಯಾದಲ್ಲಿ ಮೇಲ್ಮನೆಗೆ ಬಜೆಟ್ ತಡೆಯುವ ಪೂರ್ಣ ಅಧಿಕಾರ ಇದ್ದುದರಿಂದಲೇ 1975ರ ನವೆಂಬರ್ 11ರಂದು ಗವರ್ನರ್ ಜನರಲ್ ಅವರು ಪ್ರಧಾನಿ ಗಾಫ್ ವಿಟ್ಲಮ್ ಅವರನ್ನು ವಜಾ ಮಾಡುವ ಹಂತಕ್ಕೆ ವಿಷಯ ಹೋಗಿತ್ತು ಎಂಬುದನ್ನು ಇದರೊಂದಿಗೆ ಇಟ್ಟು ನೋಡಿದರೆ 14 ದಿನಗಳ ಬೆಲೆ ತಿಳಿಯುತ್ತದೆ.

ಆದರೆ ಮುಜರಾಯಿ ಮಸೂದೆ ಎರಡೂ ಸದನಗಳ ಆಚೆ ರಾಜ್ಯಪಾಲರ ಅಂಕಿತದ ಹಂತದಲ್ಲಿ ನಿಂತಿತು. ರಾಜ್ಯದಲ್ಲಿ ಒಂದು ಪಕ್ಷ, ಕೇಂದ್ರದಲ್ಲಿ ಇನ್ನೊಂದು ಪಕ್ಷ ಇರುವಾಗ ಭಾರತದ ನಿಜವಾದ ಕಗ್ಗಂಟು ಹುಟ್ಟುವುದು ಇಲ್ಲಿ. ರಾಜ್ಯಪಾಲರ ಅಂಕಿತದ ಬಗೆಗಿನ 200ನೆಯ ವಿಧಿ ಕಾಲಮಿತಿ ಹೇಳುವುದಿಲ್ಲ. ತಮಿಳುನಾಡಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 8ರಂದು ಗಡುವುಗಳನ್ನು ನಿಗದಿ ಮಾಡಿತ್ತು. ಅದೇ ವರ್ಷ ನವೆಂಬರ್ 20ರಂದು ಸಂವಿಧಾನ ಪೀಠ, ನ್ಯಾಯಾಲಯ ಅಂಥ ಗಡುವು ವಿಧಿಸಲಾಗದು, ಕಾರಣವಿಲ್ಲದೆ ಅನಿರ್ದಿಷ್ಟವಾಗಿ ತಡೆದರೆ ಮಾತ್ರ ಸೀಮಿತವಾಗಿ ಪ್ರಶ್ನಿಸಬಹುದು ಎಂದಿತು. ಈ ಒಂದು ವಿಷಯದಲ್ಲಿ ಅಮೆರಿಕ ನಮಗಿಂತ ಖಚಿತವಾಗಿದೆ. ಅಲ್ಲಿನ ಅಧ್ಯಕ್ಷರು ಭಾನುವಾರ ಬಿಟ್ಟು 10 ದಿನದೊಳಗೆ ಸಹಿ ಹಾಕಬೇಕು ಅಥವಾ ಕಾರಣ ಬರೆದು ಹಿಂದಿರುಗಿಸಬೇಕು. ಸದನಗಳು ಅಧಿವೇಶನದಲ್ಲಿರುವಾಗ ಅವರು ಸುಮ್ಮನೆ ಕುಳಿತರೆ ಮಸೂದೆ ತಾನಾಗಿಯೇ ಕಾನೂನಾಗುತ್ತದೆ.

ಹಾಗಾಗಿ ಕುಂದಾಪುರದಲ್ಲಿ ಕುಳಿತು ಶಟ್‌ಡೌನ್‌ಗೆ ಹೆದರಬೇಕಾಗಿಲ್ಲ. ನಿಮ್ಮೂರಿನಲ್ಲಿ ಈಗಾಗಲೇ ನಿಂತಿರುವ ಬೇರೊಂದು ವಿಷಯದ ಬಗ್ಗೆ ಜಿಲ್ಲೆಯ ಎರಡೂ ಪಕ್ಷಗಳನ್ನು ಕೇಳುವುದು ಹೆಚ್ಚು ಉಪಯುಕ್ತ. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು 243-ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಕ್ಷೇತ್ರ ಮರುವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟದ್ದು ಬಿಜೆಪಿ ಸರ್ಕಾರದ ಕಾಲದಲ್ಲಿ, ಮರುವಿಂಗಡಣೆ ಮತ್ತು ಮೀಸಲಾತಿ ಪಟ್ಟಿಯ ಹೆಸರಿನಲ್ಲಿ ಚುನಾವಣೆ ಮುಂದಕ್ಕೆ ಹೋಗುತ್ತಲೇ ಇದ್ದದ್ದು 2023ರ ನಂತರದ ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ. ಇದರ ಮೇಲೆ ಎರಡು ಪಕ್ಷಗಳ ನಡುವೆ ಜಗಳವೇ ನಡೆಯಲಿಲ್ಲ, ಮತ್ತು ಚುನಾವಣೆ ನಡೆಯದಿದ್ದರೆ ಏನಾಗಬೇಕು ಎಂದು 243-ಇ ವಿಧಿ ಹೇಳುವುದೂ ಇಲ್ಲ. ಮಣಿಪಾಲದಲ್ಲಿರುವ ಉಡುಪಿ ಜಿಲ್ಲಾ ಕಚೇರಿಗಳ ಸಂಕೀರ್ಣ ರಜತಾದ್ರಿಯಲ್ಲೂ ಮಂಗಳೂರಿನಲ್ಲೂ ಜಿಲ್ಲಾ ಪಂಚಾಯತ್ ಸದಸ್ಯರ ಜಾಗದಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು ಕಡತಗಳಿಗೆ ಸಹಿ ಹಾಕುವ ವ್ಯವಸ್ಥೆ ಬಂತು.